ಜಾರುಗಂಟಿನ ಬಾವಿ

ನಮ್ಮೂರ ಗುಡ್ಡದ ನೆತ್ತಿಯಲ್ಲಿ ಕರಿಕಲ್ಲಿನ ಆಳವಾದ ಬಾವಿಯೊಂದಿದೆ. ಪಂಚಾಯಿತಿಯವರು ಅದಕ್ಕೆ ‘ಸಿಹಿನೀರ ಬಾವಿ’ ಎಂದು ಬೋರ್ಡು ಬರೆಸಿದ್ದಾರೆ. ಹಾಗೆ ಕರೆಯುವವರು ಯಾರೂ ಇಲ್ಲ. ಎಲ್ಲರೂ ಜಾರುಗಂಟಿನ ಬಾವಿ ಎನ್ನುತ್ತಾರೆ. ಹೆಸರು ಕೇಳಿ ನಕ್ಕವರುಂಟು. ಅದು ಬಂದ ಬಗೆ ಕೇಳಿದ ಮೇಲೆ ನಕ್ಕವರನ್ನು ನಾನು ಕಂಡಿಲ್ಲ.

ಹಿಂದೆ ಒಮ್ಮೆ ಗುಡ್ಡದ ಮೇಲೆ ಇದ್ದದ್ದೇ ಎರಡು ಮನೆ. ಅಣ್ಣ ರುದ್ರಗೌಡನದೊಂದು, ತಮ್ಮ ನಿಂಗನಗೌಡನದೊಂದು. ಬೇಸಿಗೆಯಲ್ಲಿ ನೀರು ಕೆಳಗಿಳಿದರೆ ಒಂದು ಮನೆಯ ಹಗ್ಗ ಸಾಲದು. ಎರಡನ್ನೂ ಗಂಟು ಹಾಕಿ ಸೇದಬೇಕು. ಹಾಗೆ ಹಗ್ಗ ಕೂಡಿಸಿದವರು ಜಗಳ ಮುಗಿಸಿದಂತೆ, ಜಗಳಕ್ಕೆ ಕಾರಣವಾದದ್ದರಲ್ಲಿ ಇಬ್ಬರಿಗೂ ಸಮಪಾಲು ಎಂಬುದು ಊರಿನ ಕಟ್ಟಳೆ. ಎಲ್ಲೆಯ ಮೇಲಿನ ಒಂದು ಹುಣಸೆಮರಕ್ಕಾಗಿ ಕಾದಾಡುತ್ತಿದ್ದ ಈ ಅಣ್ಣತಮ್ಮಂದಿರು ಹನ್ನೆರಡು ಬೇಸಿಗೆ ಹಗ್ಗ ಕೂಡಿಸಲಿಲ್ಲ. ಕೂಡಿಸದಿದ್ದರೆ ಅವರಿಗೇನು? ನೀರು ಹೊರುವವಳು ನಿಂಗನಗೌಡನ ಸೊಸೆ ಸಾತವ್ವ. ಮೂರು ತಿಂಗಳ ಕೂಸನ್ನು ಕಟ್ಟೆಯ ಮೇಲೆ ಮಲಗಿಸಿ, ಬಾವಿಯ ಗೋಡೆಯಿಂದ ಹೊರಚಾಚಿದ ಕಲ್ಲಿನ ಮೇಲಿಳಿದು ನಿಂತು, ಗಿಡ್ಡ ಹಗ್ಗದಲ್ಲೇ ಸೇದುತ್ತಿದ್ದಳು. ಒಂದು ಮಧ್ಯಾಹ್ನ ಆ ಕಲ್ಲೇ ಕಿತ್ತುಬಂತು.

ಕೂಗು ಕೇಳಿ ಇಬ್ಬರೂ ಓಡಿಬಂದರು. ಆಳದ ನೀರಿನಲ್ಲಿ ಕತ್ತಿನವರೆಗೆ ಮುಳುಗಿ, ಬಂಡೆಯ ಬಿರುಕಿಗೆ ಬೆರಳು ತೂರಿಸಿ ಸಾತವ್ವ ನೇತಾಡುತ್ತಿದ್ದಳು. ಯಾರ ಹಗ್ಗವೂ ಅವಳಿಗೆ ಎಟುಕಲಿಲ್ಲ.

“ಗಂಟು ಹಾಕಿದ್ರ ನನ್ನ ಮರ ಅರ್ಧ ಹೋತು,” ಎಂದ ರುದ್ರಗೌಡ.

“ನನಗೇನು ಇಡೀ ಉಳಿತೈತೇನು?” ಎಂದ ನಿಂಗನಗೌಡ.

ಮಾತಿಗೆ ಮಾತು ಬೆಳೆಯಿತು. ಕೆಳಗೆ ಸಾತವ್ವನ ಬೆರಳುಗಳು ಸೋಲುತ್ತಿದ್ದವು. ಕೊನೆಗೆ ಹನ್ನೆರಡು ವರ್ಷಗಳಲ್ಲಿ ಮೊದಲ ಸಲ ಇಬ್ಬರೂ ಒಂದು ಮಾತಿಗೆ ಒಪ್ಪಿದರು: ಜಾರುಗಂಟು ಹಾಕುವುದು. ಅವಳು ಮೇಲೆ ಬಂದೊಡನೆ ತುದಿ ಎಳೆದರೆ ಬಿಚ್ಚಿಕೊಳ್ಳುತ್ತದೆ. ಪಂಚರು ಕೇಳಿದರೆ ಗಂಟೇ ಹಾಕಿರಲಿಲ್ಲ ಎನ್ನಬಹುದು.

ಒಂದು ಕೈಯಲ್ಲೇ ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡು ಸಾತವ್ವ ಕೇಳಿದಳು: “ಮಾವಾರ, ಗಂಟು ಬಿಗಿ ಐತಿಲ್ರೀ?”

“ಐತವ್ವಾ. ಕಲ್ಲು ಬಿಡು,” ಎಂದ ಮಾವ.

ಅವಳು ನಂಬಿ ಕೈ ಬಿಟ್ಟಳು. ಅರ್ಧ ಬಾವಿ ಏರುವಷ್ಟರಲ್ಲಿ ಗಂಟು ಜಾರಿತು. ಅವಳ ಜೊತೆ ನೀರಿನಲ್ಲಿ ಮುಳುಗಿದ್ದು ರುದ್ರಗೌಡನ ಹಗ್ಗ. ಕಟ್ಟೆಯ ಮೇಲೆ ಕೂಸು ಕಿರುಚುತ್ತಿರಲು, “ನನ್ನ ಹಗ್ಗ ತಂದುಕೊಡು” ಎಂದು ಅವನು ತಮ್ಮನ ಎದೆಯ ಮೇಲಿನ ಅಂಗಿ ಹಿಡಿದನಂತೆ.

ಈಗ ಆ ಎರಡು ಮನೆಗಳ ಬುನಾದಿಯೂ ಉಳಿದಿಲ್ಲ. ಬಾವಿ ನೋಡಲು ಬಂದವರಿಗೆ ಕಾಣುವುದು ನೀರಿಗೆ ಬಂದ ನಮ್ಮೂರ ಸೊಸೆಯಂದಿರು. ಕೂಡಿಸಿದ ಹಗ್ಗವನ್ನು ಅವರು ಕಟ್ಟೆಗೆ ಕಾಲು ಕೊಟ್ಟು ಜಗ್ಗಿ ನೋಡದೆ ಒಳಗೆ ಬಿಡುವುದಿಲ್ಲ. ಗಂಡಸರು ಹಾಕಿಕೊಟ್ಟ ಗಂಟಾದರೆ ಜಗ್ಗಿ ನೋಡುವುದೂ ಇಲ್ಲ. ಬಿಚ್ಚಿ ತಾವೇ ಹಾಕುತ್ತಾರೆ, ಮಾವ ಎದುರಿಗೇ ನಿಂತಿದ್ದರೂ.