ಕಾಣದ ಮರಿಯ ತಂದೆ

ಗೊರವಂಕವೊಂದು ದಿನವೂ ಬೆಳಗ್ಗೆ ದೇವರನ್ನು ನೆನೆದು ಹಾಡುತ್ತಿತ್ತು. ಅದೇ ಮರದ ಮಂಗಟ್ಟೆ ಹಕ್ಕಿ, "ಕಣ್ಣಿಗೆ ಕಾಣದವನಿಗಾಗಿ ಗಂಟಲು ಹರಿದುಕೊಳ್ಳುತ್ತೀಯಲ್ಲ!" ಎಂದು ನಗುತ್ತಿತ್ತು.

ವಸಂತದಲ್ಲಿ ಮಂಗಟ್ಟೆಯ ಸಂಗಾತಿ ಮೊಟ್ಟೆಯಿಡಲು ಪೊಟರೆ ಹೊಕ್ಕಿತು. ಕೊಕ್ಕಿನ ತುದಿ ತೂರುವಷ್ಟು ಸೀಳು ಉಳಿಸಿ, ಪೊಟರೆಯ ಬಾಯಿಯನ್ನು ಒಳಗಿನಿಂದ ಮಣ್ಣು ಮೆತ್ತಿ ಮುಚ್ಚಿಕೊಂಡಿತು. ಗಂಡು ಮಂಗಟ್ಟೆ ದಿನವಿಡೀ ಹಣ್ಣು ತಂದು ಆ ಸೀಳಿನಲ್ಲಿ ಕೊಡತೊಡಗಿತು. ಒಂದು ಸಂಜೆ ಒಳಗಿನಿಂದ ಮರಿಯ ದನಿ ಕೇಳಿಸಿತು.

ಕೆಲವು ದಿನಗಳ ಮೇಲೆ, ಗೊರವಂಕ ಹಾಡುವಾಗ ಮಂಗಟ್ಟೆ ಬಂದು ಪಕ್ಕದಲ್ಲಿ ಕುಳಿತಿತು.

"ಏನಯ್ಯಾ, ಇಂದು ನಗುವುದಿಲ್ಲವೇ?" ಎಂದಿತು ಗೊರವಂಕ.

"ಯಾವ ಬಾಯಲ್ಲಿ ನಗಲಿ? ನನ್ನ ಮರಿಯ ಮುಖವನ್ನು ನಾನಿನ್ನೂ ಕಂಡಿಲ್ಲ. ಕತ್ತಲೆಯಿಂದ ದನಿ ಮಾತ್ರ ಬರುತ್ತದೆ. ಆದರೂ ಕಾಡೆಲ್ಲ ಅಲೆಯುವುದು ಅದಕ್ಕಾಗಿಯೇ. ನಿನ್ನೆ ಹದ್ದು ಬೆನ್ನಟ್ಟಿದಾಗ, ನನ್ನನ್ನು ಉಳಿಸು ಎಂದು ಬೇಡಿಕೊಂಡೆ. ಯಾರನ್ನು ಬೇಡಿದೆನೋ ನನಗೇ ತಿಳಿಯದು."

"ಹಾಡು ಕಲಿಸಲೇ?"

"ಕಲಿಸು. ಮೊದಲು ಮರಿಯ ಹಸಿವು ತೀರಲಿ."

ಮಂಗಟ್ಟೆ ಹಾರಿಹೋಗಿ ಅತ್ತಿಹಣ್ಣು ತಂದು ಸೀಳಿನಲ್ಲಿಟ್ಟಿತು. ಹಣ್ಣು ಒಳಕ್ಕೆ ಜಾರಿ ಮರೆಯಾಯಿತು. ಮಂಗಟ್ಟೆ ಮಣ್ಣಿನ ಗೋಡೆಗೆ ತಲೆಯಾನಿಸಿ, ಆ ದನಿಗಾಗಿ ಕಾಯುತ್ತ ನಿಂತಿತು.