ಗೂಟವಿಲ್ಲದ ಕಸುಬು

"ನಮ್ಮ ಸಂಸ್ಥಾನದಲ್ಲಿ ಕೆಲಸ ಹುಡುಕಿಕೊಂಡು ಯಾರೂ ಕಾಲು ಸವೆಸಬೇಕಾಗಿಲ್ಲ. ಈ ಗೋಡೆ ನೋಡಿದರೆ ಸಾಕು!"

ಬೋರಗಲ್ಲಿನ ದೊರೆ ತಿಮ್ಮಭೂಪ ಪಕ್ಕದ ಸೀಮೆಯ ರಾಯಭಾರಿಯ ಮುಂದೆ ಎದೆ ಉಬ್ಬಿಸಿ ಹೇಳಿದ. ಉಬ್ಬಿಸಿದ ರಭಸಕ್ಕೆ ಅಂಗಿಯ ಗುಂಡಿಯೊಂದು ಕಿತ್ತು ಹಾರಿ ರಾಯಭಾರಿಯ ಪಾನಕದಲ್ಲಿ ಬಿತ್ತು. ರಾಯಭಾರಿ ಪಾಪ, ಏಲಕ್ಕಿ ಅಂದುಕೊಂಡು ಅಗಿದ.

ಗೋಡೆಯೇನೋ ಚೆನ್ನಾಗಿತ್ತು. ಅರಮನೆಯ ಹೆಬ್ಬಾಗಿಲ ಪಕ್ಕದಲ್ಲಿ ಎಂಬತ್ತನಾಲ್ಕು ಗೂಟ, ಕಸುಬಿಗೊಂದರಂತೆ. ಯಾವ ಕೆಲಸ ಖಾಲಿಯೋ ಆ ಕಸುಬಿನ ಸಲಕರಣೆ ಅದರ ಗೂಟಕ್ಕೆ ನೇತುಬೀಳುತ್ತಿತ್ತು. ಸೌಟು ನೇತಾಡಿದರೆ ಅಡುಗೆಯವನು ಬೇಕು, ಕತ್ತರಿ ನೇತಾಡಿದರೆ ದರ್ಜಿ ಬೇಕು. ಮೊದಲು ಯಾರು ಇಳಿಸಿಕೊಂಡರೋ ಕೆಲಸ ಅವರದು. ಅರ್ಜಿಯಿಲ್ಲ, ಗಿರ್ಜಿಯಿಲ್ಲ.

ಆದರೆ ತೂಗುಹಾಕುವ ಅಧಿಕಾರಿ ಪಾರುಪತ್ಯಗಾರ ಸಿಂಗಪ್ಪಯ್ಯ. ಅವನ ಹೆಂಡತಿಗೆ ಹನ್ನೊಂದು ಜನ ತಮ್ಮಂದಿರು. ಸಿಂಗಪ್ಪಯ್ಯನ ಕೈ ಗೂಟ ಬಿಡುವಷ್ಟರಲ್ಲಿ ಅವರಲ್ಲೊಬ್ಬನ ಕೈ ಗೂಟ ಹಿಡಿದಿರುತ್ತಿತ್ತು.

ಗುಂಪಿನಲ್ಲಿ ನಿಂತಿದ್ದ ಜೀನಗಾರರ ಹುಚ್ಚೀರನಿಗೆ ಇದೆಲ್ಲ ಬಾಯಿಪಾಠ. ಕುದುರೆ ಜೀನು ಹೊಲಿಯುವುದರಲ್ಲಿ ಅವನಷ್ಟು ಗಟ್ಟಿ ಕೈ ಇನ್ನೊಂದಿರಲಿಲ್ಲ. ನಲವತ್ತು ದಿನ ಆ ಗೋಡೆ ಕಾದಿದ್ದ. ಕೊನೆಗೊಂದು ದಿನ ಚರ್ಮ ಹೊಲಿಯುವ ದಬ್ಬಳ ನೇತುಬಿತ್ತು. ಓಡಿ ಬಂದ. ಕೈಗೆ ಸಿಕ್ಕಿದ್ದು ಬರೀ ಗೂಟ.

ಇತ್ತ ಅವನು ಮನಸ್ಸಿಟ್ಟಿದ್ದ ಹುಡುಗಿ ಚಿನ್ನಾಜಿಯ ಅಪ್ಪ ಮಾನಪ್ಪ ಖಡಾಖಂಡಿತ ಹೇಳಿಬಿಟ್ಟಿದ್ದ: "ಹುಣ್ಣಿಮೆಯೊಳಗೆ ಅರಮನೆ ಕೆಲಸ ಸಿಕ್ಕಿದರೆ ಹೆಣ್ಣು ಕೊಡ್ತೀನಿ. ಇಲ್ಲದಿದ್ದರೆ ಬೇರೆ ಗಂಡು ನೋಡಿದ್ದೀನಿ." ಅವನ ಹಿಂದೆ ಚಿನ್ನಾಜಿಯ ಏಳು ಜನ ತಮ್ಮಂದಿರು ಸಾಲಾಗಿ ನಿಂತು ತಲೆಯಾಡಿಸಿದ್ದರು. ಚಿನ್ನಾಜಿ ಮಾತ್ರ ಬಾಗಿಲ ಸಂದಿಯಿಂದ ಕಣ್ಣಲ್ಲೇ ಬೈದಿದ್ದಳು, 'ಏನಾದರೂ ಮಾಡೋ ಮಂಕೇ' ಅಂತ.

ಹುಣ್ಣಿಮೆ ನಾಳೆ.

ದೊರೆ ಇನ್ನೂ ಜಂಬ ಮುಗಿಸಿರಲಿಲ್ಲ. "ನಮ್ಮ ಅರಮನೆಯಲ್ಲಿ ನಡೆಯೋ ಕಸುಬು, ಆದರೆ ಇಲ್ಲಿ ಗೂಟವಿಲ್ಲ, ಅಂಥದ್ದು ಒಂದೇ ಒಂದು ಯಾರಾದರೂ ತೋರಿಸಲಿ. ಕೇಳಿದ ಕೆಲಸ ಕೊಡ್ತೀನಿ!"

"ತೋರಿಸೋಕಾಗದಿದ್ದರೆ ತಲೆ ಬೋಳಿಸಿ, ಕತ್ತೆ ಮೇಲೆ ಊರು ಸುತ್ತಿಸ್ತೀವಿ," ಎಂದು ಸಿಂಗಪ್ಪಯ್ಯ ಬಾಲ ಸೇರಿಸಿದ.

"ನಾನು ತೋರಿಸ್ತೀನಿ, ಮಹಾಪ್ರಭು!" ಹುಚ್ಚೀರ ಮುಂದೆ ಬಂದ.

"ಯಾವನೋ ನೀನು? ತಲೇಲಿ ಕೂದಲು ಜಾಸ್ತಿಯಾಯ್ತಾ?" ಸಿಂಗಪ್ಪಯ್ಯ ಗುರ್ ಎಂದ.

"ಜೀನಗಾರರ ಹುಚ್ಚೀರ, ಸ್ವಾಮಿ. ಕೂದಲು ಎಲ್ಲಿ ಹೋಗುತ್ತೆ, ಇಲ್ಲೇ ಇರುತ್ತೆ. ಪ್ರಭು, ಈ ವರ್ಷ ಗೂಟದಿಂದ ಸಲಕರಣೆ ಇಳಿಸಿಕೊಂಡೋರನ್ನ ಕರೆಸಿ. ಒಬ್ಬೊಬ್ಬರೂ ಚೂರೇ ಚೂರು ಕೆಲಸ ಮಾಡಿ ತೋರಿಸಲಿ."

ಹನ್ನೊಂದು ಜನ ಬಂದು ನಿಂತರು. ಹೊಟ್ಟೆಗಳು ಮೊದಲು ಬಂದವು, ಆಮೇಲೆ ಅವರು.

ಕ್ಷೌರಿಕ ಕತ್ತಿ ಹಿಡಿದ ರೀತಿ ನೋಡಿಯೇ ದೊರೆ ಎರಡು ಹೆಜ್ಜೆ ಹಿಂದೆ ಸರಿದು, "ನಿಂದು ಬೇಡಪ್ಪ, ಮುಂದಿನವನು ಬರಲಿ," ಎಂದ. ದರ್ಜಿಗೆ ಹಾರಿಹೋದ ಗುಂಡಿ ಹೊಲಿಯಲು ಹೇಳಿದರೆ ದೊರೆಯ ಎರಡೂ ತೋಳು ಸೇರಿಸಿ ಹೊಲಿದ. ಬಿಡಿಸುವ ಹೊತ್ತಿಗೆ ರಾಯಭಾರಿ ಕೆಮ್ಮುವ ನೆಪದಲ್ಲಿ ಎರಡು ಸಲ ನಕ್ಕಾಗಿತ್ತು.

ಕೊನೆಗೆ ದಬ್ಬಳದವನು. ದೊರೆಯ ಕುದುರೆಯ ಜೀನು ತರಿಸಿ ಮುಂದಿಟ್ಟರು. ಅವನು ಹಲ್ಲು ಕಚ್ಚಿ ದಬ್ಬಳ ಚುಚ್ಚಿದ. ಚರ್ಮಕ್ಕೇ ಚುಚ್ಚಿದ, ಆದರೆ ಸ್ವಂತ ಚರ್ಮಕ್ಕೆ.

"ಅಯ್ಯೋ ಅಕ್ಕಾ!" ಎಂದು ಚೀರಿದ.

"ನೋವಾದರೆ ಲೋಕವೆಲ್ಲ ಅಮ್ಮಾ ಅನ್ನುತ್ತೆ, ನೀನೇನೋ ಅಕ್ಕಾ ಅಂತೀಯ?" ದೊರೆ ಹುಬ್ಬೇರಿಸಿದ. "ಇಲ್ಲಿಗೆ ಬರೋಕೆ ಮುಂಚೆ ಏನು ಮಾಡ್ಕೊಂಡಿದ್ದೆ?"

"ಭಾವನ ಮನೇಲಿದ್ದೆ, ಪ್ರಭು."

"ನೀನೋ?" ದರ್ಜಿಯನ್ನು ಕೇಳಿದ.

"ಅದೇ ಮನೇಲೇ, ಪ್ರಭು."

"ನಾವೂ ಅಲ್ಲೇ," ಎಂದರು ಉಳಿದ ಒಂಬತ್ತು ಜನ ಒಟ್ಟಿಗೆ. ಪಾಪ, ಸುಳ್ಳು ಹೇಳುವ ಕಸುಬೂ ಅವರಿಗೆ ಬರುತ್ತಿರಲಿಲ್ಲ. ಎಲ್ಲರ ಕಣ್ಣೂ ಸಿಂಗಪ್ಪಯ್ಯನ ಕಡೆಗೇ ಇತ್ತು. ಅವನು ಇದ್ದಕ್ಕಿದ್ದಂತೆ ಎಂಬತ್ತನಾಲ್ಕು ಗೂಟಗಳನ್ನು ಎಣಿಸತೊಡಗಿದ್ದ.

ಹುಚ್ಚೀರ ಕೈ ಮುಗಿದ. "ಇದೇ ಪ್ರಭು, ಗೂಟವಿಲ್ಲದ ಕಸುಬು. ಭಾಮೈದನ ಕಸುಬು! ತಮ್ಮ ಅರಮನೇಲಿ ಇದಕ್ಕಿರೋಷ್ಟು ಜನ ಬೇರೆ ಯಾವ ಕಸುಬಿಗೂ ಇಲ್ಲ. ಒಬ್ಬೊಬ್ಬನೂ ನುರಿತವನೇ. ಆದರೆ ಗೋಡೆ ಮೇಲೆ ಒಂದು ಗೂಟ ಬೇಡವೇ?"

ದೊರೆ ನಗು ತಡೆದುಕೊಂಡು ಕೊಕ್ಕೆ ಹಾಕಿದ. "ತಡಿ ತಡಿ. ಕಸುಬು ಅಂದಮೇಲೆ ಸಲಕರಣೆ ಇರಬೇಕು. ಕಮ್ಮಾರನಿಗೆ ಸುತ್ತಿಗೆ, ನಿನಗೆ ದಬ್ಬಳ. ಇವರದು ಏನು?"

"ಅವರಕ್ಕ, ಮಹಾಪ್ರಭು. ಆ ತಾಯೀನ ಗೂಟಕ್ಕೆ ತಗುಲಿಸೋಕಾಗುತ್ತಾ? ಅದಕ್ಕೇ ಗೋಡೆ ಮೇಲೆ ಕಾಣಿಸ್ತಾ ಇಲ್ಲ!"

ದೊರೆ ಬಿದ್ದುಬಿದ್ದು ನಕ್ಕ. ಉಳಿದಿದ್ದ ಗುಂಡಿಗಳೂ ಹಾರಿದವು. ರಾಯಭಾರಿ ಜಾಣ, ಈ ಸಲ ಪಾನಕದ ಲೋಟಕ್ಕೆ ಅಂಗೈ ಮುಚ್ಚಿದ್ದ.

ಆ ಮಧ್ಯಾಹ್ನವೇ ಹನ್ನೊಂದು ಸಲಕರಣೆ ಗೋಡೆಗೆ ವಾಪಸು ಬಂದವು, ಊರವರೆಲ್ಲ ನೋಡುತ್ತಿರುವಾಗಲೇ. ಹನ್ನೆರಡನೆಯದಾಗಿ ಸಿಂಗಪ್ಪಯ್ಯನ ಬೆಳ್ಳಿಕಟ್ಟಿನ ಬೆತ್ತವೂ ನೇತುಬಿತ್ತು.

"ಹುಚ್ಚೀರ, ಆ ಬೆತ್ತ ಇಳಿಸಿಕೋ," ಎಂದ ದೊರೆ. "ಇನ್ನು ಮೇಲೆ ಯಾವ ಕೆಲಸ ಯಾರಿಗೆ ಅಂತ ನೀನೇ ನೋಡಿಕೊಳ್ಳಬೇಕು. ಪಾರುಪತ್ಯಗಾರನಿಗೆ ಹೆಣ್ಣು ಕೊಡೋಕೆ ಯಾವ ಮಾವನೂ ಒಲ್ಲೆ ಅನ್ನೋಲ್ಲ."

ಹುಚ್ಚೀರ ಬೆತ್ತದ ಮುಂದೆ ಒಂದು ಕ್ಷಣ ನಿಂತ. ಅದನ್ನು ದಾಟಿಹೋಗಿ ದಬ್ಬಳ ಇಳಿಸಿಕೊಂಡು ಕಣ್ಣಿಗೊತ್ತಿಕೊಂಡ.

"ನನಗೆ ಇದು ಸಾಕು, ಪ್ರಭು. ಆ ಬೆತ್ತ ಮಾತ್ರ ಬೇಡ."

"ಯಾಕೋ?"

"ನಾನು ಕಟ್ಟಿಕೊಳ್ಳೋ ಹುಡುಗಿಗೆ ಏಳು ಜನ ತಮ್ಮಂದಿರು!"