ಸಾವಂತ್ರವ್ವ ಅಂಟಿಸಿದ ನೋಟಿಸು

ಹಪ್ಪಳ ಮಾರಿ ಬದುಕುವ ಸಾವಂತ್ರವ್ವನ ಅಂಗಳಕ್ಕೆ ಗೋಡೆ ಇರಲಿಲ್ಲ. ಒಣಗಲು ಹಾಕಿದ ಹಪ್ಪಳವನ್ನು ಓಣಿಯ ಆಡುಗಳೇ ತಿಂದು ಮುಗಿಸುತ್ತಿದ್ದವು. ಗೋಡೆ ಕಟ್ಟಲು ಪರವಾನಗಿ ಬೇಕೆಂದು ಪುರಸಭೆಗೆ ಅರ್ಜಿ ಕೊಟ್ಟು ಏಳು ತಿಂಗಳಾಗಿತ್ತು.

ಕೊನೆಗೊಂದು ದಿನ ಮುಖ್ಯಾಧಿಕಾರಿಗಳು ಬಾಯಿ ಬಿಟ್ಟರು.

"ಯಾರದಾದ್ರೂ ತಕರಾರು ಇದ್ರ ತಿಳಿಸ್ರಿ ಅನ್ನೋ ನೋಟಿಸು ಹದಿನೈದು ದಿನ ನಿಮ್ಮ ಅಂಗಳದ ಗೋಡೆ ಮ್ಯಾಲ ಇರಬೇಕು. ನಿಯಮ ಐತಿ."

"ಗೋಡೆ ಇಲ್ಲಂತನ ಬಂದೀನ್ರಿ ಸಾಹೇಬ್ರ."

"ಹಂಗಾದ್ರ ಇದ್ದಲ್ಲಿಂದ ಕದಲದಂಥಾದ್ದು ನಿಮ್ಮದೇನಾರ ಇದ್ರ ಅದಕ್ಕ ಅಂಟಿಸ್ರಿ. ಇಲ್ಲಂದ್ರ ಪರವಾನಗಿ ಇಲ್ಲ."

ಸಾವಂತ್ರವ್ವ ನೋಟಿಸು ಇಸಿದುಕೊಂಡಳು. ಚೀಲದಿಂದ ಹಪ್ಪಳದ ಹಿಟ್ಟಿನ ಉಂಡೆ ತೆಗೆದಳು. ಸಾಹೇಬರ ಮೇಜಿನ ಮೇಲೆ ಚಹಾ ಲೋಟದ ಕೆಳಗಿದ್ದ ತನ್ನ ಫೈಲಿನ ಧೂಳನ್ನು ಸೆರಗಿನಿಂದ ಒರೆಸಿ, ಅದರ ಮೇಲೆ ನೋಟಿಸನ್ನು ಬಿಗಿಯಾಗಿ ಅಂಟಿಸಿದಳು.

"ಏನಿದು?"

"ನನ್ನ ಫೈಲ್ರಿ. ಏಳು ತಿಂಗಳಿಂದ ಇಲ್ಲೇ ಐತಿ. ಇನ್ನ ಹದಿನೈದು ದಿನ ಎಲ್ಲಿ ಹೋಗ್ತೈತ್ರಿ."

ಸಾಹೇಬರು ಲೋಟ ಪಕ್ಕಕ್ಕಿಟ್ಟು, ಫೈಲು ಎಳೆದುಕೊಂಡು, ಪರವಾನಗಿಗೆ ಸಹಿ ಹಾಕಿದರು.

ಸರತಿಯಲ್ಲಿ ಹಿಂದೆ ನಿಂತಿದ್ದ ಮುದುಕ ಮೇಜಿನ ಮೇಲಿನ ಫೈಲುಗಳತ್ತ ಒಮ್ಮೆ ನೋಡಿ, ಮೆಲ್ಲಗೆ ಕೇಳಿದ:

"ಯವ್ವಾ, ಹಿಟ್ಟು ಇನ್ನಷ್ಟು ಐತೇನು?"